ಮುಕ್ತ ತಂತ್ರಾಂಶವೂ ಶಾಸ್ತ್ರದಾನವೂ: ಕೆಲವು ಲೋಕಾಭಿಪ್ರಾಯಗಳ ವಿಮರ್ಶೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜೈನ ಮನೆತನಗಳಲ್ಲಿ ಹಿಂದೆ ಹೆಂಗಸರು ಹೇಳುತ್ತಿದ್ದ ನೋಂಪಿಯ ಕಥೆಗಳನ್ನೂ ಹಾಡುಗಳನ್ನೂ ಒಂದು ಪುಸ್ತಕವಾಗಿ ಹೊರತರಬೇಕೆಂಬ ಉದ್ದೇಶದಿಂದ ಕಳೆದ ವರ್ಷ ನಾವು ಕೆಲವರು ಸಾಗರದಲ್ಲಿ ಸೇರಿದ್ದೆವು. ನಿವೃತ್ತ ಶಿಕ್ಷಕರೊಬ್ಬರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮನೆಮನೆ ತಿರುಗಿ ಅವನ್ನು ಬರೆದುಕೊಂಡು, ಅನಂತರ ಒಂದು ಮುದ್ರಣಾಲಯದಲ್ಲಿ ಗಣಕಯಂತ್ರಕ್ಕೆ ಏರಿಸಿಟ್ಟಿದ್ದರು. ಅವರು ಈಗ ಇಲ್ಲ. ಹಾಡಿದ ಅಜ್ಜಿಯರಲ್ಲಿಯೂ ಯಾರೂ ಉಳಿದಿಲ್ಲ. ಕೈಬರಹದ ಪುಸ್ತಕಗಳನ್ನು ಮಲೆನಾಡಿನ ಶೀತವೂ ಗೆದ್ದಲೂ ಕೂಡಿ ಮುಗಿಸಿದ್ದವು. ಉಳಿದಿದ್ದುದು ಒಂದು ಸಿ.ಡಿ. ಮಾತ್ರ. ಅದನ್ನು ಹೊಸ ಗಣಕಯಂತ್ರದಲ್ಲಿ ತೆರೆದಾಗ ಕಡತಗಳೆಲ್ಲ ಸುರಕ್ಷಿತವಾಗಿದ್ದವು, ಆದರೆ ಒಂದು ಕನ್ನಡ ಅಕ್ಷರವೂ ಕಾಣಲಿಲ್ಲ. ಪುಟದ ತುಂಬ ಲ್ಯಾಟಿನ್ ಅಕ್ಷರಗಳೂ ಅವುಗಳ ತಲೆಯ ಮೇಲೆ ಚುಕ್ಕಿ, ಕೊಂಬುಗಳೂ ಚೆಲ್ಲಿಕೊಂಡಿದ್ದವು. ಅಂದು ಬಳಸಿದ ತಂತ್ರಾಂಶವನ್ನು ತಯಾರಿಸಿದ ಸಂಸ್ಥೆ ಅದನ್ನು ಮಾರುವುದನ್ನು ನಿಲ್ಲಿಸಿ ಬಹುಕಾಲವಾಗಿತ್ತು. ಅದನ್ನು ನಡೆಸಲು ಗಣಕದ ಹಿಂಬದಿಗೆ ಸಿಕ್ಕಿಸಬೇಕಾಗಿದ್ದ ಬೀಗದಂತಹ ಸಾಧನವೂ ಮುದ್ರಣಾಲಯದಲ್ಲಿ ಉಳಿದಿರಲಿಲ್ಲ.

ನಮ್ಮ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ 1904ರಲ್ಲಿ ಅಚ್ಚುಮಾಡಿಸಿದರು. ಹೊಂಬುಜದ ಶಾಸನಗಳೂ ಅದರಲ್ಲಿವೆ. ನೂರಿಪ್ಪತ್ತು ವರ್ಷಗಳ ಮೇಲೂ ಆ ಸಂಪುಟವನ್ನು ಬಿಡಿಸಿ ಕುಳಿತವರು ಓದಬಹುದು. ಅದೇ ಶಾಸನಗಳ ಮೂಲಶಿಲೆಗಳನ್ನು ಹಳಗನ್ನಡ ಲಿಪಿ ಬಲ್ಲವರು ಸಾವಿರ ವರ್ಷಗಳ ಮೇಲೂ ಓದಬಲ್ಲರು. ಇಪ್ಪತ್ತು ವರ್ಷಗಳ ಹಿಂದಿನ ಕಡತವನ್ನು ಮಾತ್ರ ಕನ್ನಡವನ್ನೇ ಮಾತೃಭಾಷೆಯಾಗಿ ಪಡೆದ ಹತ್ತು ಮಂದಿ ಓದಲಾರದೆ ಕುಳಿತಿದ್ದೆವು. ಆ ಹೊತ್ತಿನಲ್ಲಿ ನಡೆದ ಮಾತುಕತೆಯಲ್ಲಿ ನಾಲ್ಕು ಅಭಿಪ್ರಾಯಗಳು ಕೇಳಿಬಂದವು. ಅವು ನಮ್ಮ ಸಭೆಗೆ ಮಾತ್ರ ಸೇರಿದವುಗಳಲ್ಲ. ಪೇಟೆಯ ಅಂಗಡಿಯಲ್ಲಿ, ಶಾಲೆಯಲ್ಲಿ, ಸಹಕಾರ ಸಂಘದ ಜಗಲಿಯಲ್ಲಿ ನಿತ್ಯವೂ ಕೇಳುವಂಥವು. ಆದುದರಿಂದ ಅವುಗಳನ್ನು ಒಂದೊಂದಾಗಿ ಪರಾಮರ್ಶಿಸುವುದು ಉಚಿತವೆಂದು ಭಾವಿಸಿದ್ದೇನೆ.

ಅದಕ್ಕೆ ಮೊದಲು, ಅಕ್ಷರಗಳು ಹೀಗೇಕೆ ಅಳಿದವು ಎಂಬುದನ್ನು ತಿಳಿಯಬೇಕು. ಗಣಕಯಂತ್ರವು ಅಕ್ಷರವನ್ನು ಅರಿಯದು, ಅಂಕೆಯನ್ನಷ್ಟೇ ಅರಿಯುತ್ತದೆ. ಯಾವ ಅಂಕೆಗೆ ಯಾವ ಅಕ್ಷರವೆಂಬ ಒಪ್ಪಂದವಿದ್ದರೆ ಮಾತ್ರ ಬರೆದುದನ್ನು ಮತ್ತೊಬ್ಬರು ಓದಬಹುದು. ಇಂಗ್ಲಿಷಿಗೆ ಈ ಒಪ್ಪಂದ ಬಹು ಹಿಂದೆಯೇ ಆಯಿತು. ಕನ್ನಡಕ್ಕೆ ‘ಯೂನಿಕೋಡ್’ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ 1991ರಲ್ಲಿಯೇ ಸ್ಥಾನ ದೊರೆತರೂ ಸಾಮಾನ್ಯರ ಗಣಕಗಳಿಗೆ ಅದು ತಲುಪಲು ಮತ್ತೆ ಹತ್ತು ವರ್ಷ ಬೇಕಾಯಿತು. ಈ ನಡುವೆ ಒಂದೊಂದು ಸಂಸ್ಥೆಯೂ ಇಂಗ್ಲಿಷಿನ ಅಂಕೆಗಳ ಮೇಲೆ ಕನ್ನಡದ ಆಕೃತಿಗಳನ್ನು ತನಗೆ ತೋಚಿದಂತೆ ಕೂರಿಸಿಕೊಂಡಿತು. ಆ ಸಂಸ್ಥೆಯ ಅಕ್ಷರಶೈಲಿ ಇದ್ದರೆ ಕನ್ನಡ. ಇಲ್ಲದಿದ್ದರೆ ನಾವು ಕಂಡ ಚುಕ್ಕಿ ಕೊಂಬುಗಳು. ಅಂದರೆ ಬರೆದವನು ತನ್ನ ಮಾತನ್ನು ತಾನರಿಯದೆಯೇ ಒಂದು ಸಂಸ್ಥೆಯ ಪೆಟ್ಟಿಗೆಯಲ್ಲಿಟ್ಟು, ಕೀಲಿಕೈಯನ್ನು ಅದರ ಕೈಗೇ ಕೊಟ್ಟಿದ್ದನು.

ಈಗ ಮೊದಲನೆಯ ಅಭಿಪ್ರಾಯ: “ಪುಕ್ಕಟೆ ಸಿಕ್ಕಿದರೆ ಸಾಕು, ಮುಕ್ತವೋ ಅಲ್ಲವೋ ಕಟ್ಟಿಕೊಂಡು ನಮಗೇನು?” ಉಚಿತ ಮತ್ತು ಮುಕ್ತ ಎಂಬ ಎರಡು ಮಾತುಗಳು ಇಲ್ಲಿ ಬೆರೆತುಹೋಗಿವೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ‘ಗ್ನೂ’ ಯೋಜನೆಯನ್ನು ಘೋಷಿಸಿ, 1985ರಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಆ ಚಿಂತನೆಯಲ್ಲಿ ಮುಖ್ಯವಾದದ್ದು ಬೆಲೆಯಲ್ಲ, ನಾಲ್ಕು ಅಧಿಕಾರಗಳು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವುದು, ಅದರ ಮೂಲವನ್ನು ಓದಿ ಅರಿತು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದುವುದು, ಪ್ರತಿಯನ್ನು ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. ಇವಿದ್ದರೆ ಹಣಕ್ಕೆ ಮಾರಿದರೂ ಅದು ಮುಕ್ತವೇ. ಇವಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬದ್ಧವೇ.

ನಮ್ಮ ಕಡೆಯವರಿಗೆ ಇದನ್ನು ಅಡಿಕೆ ಸುಲಿಯುವ ಯಂತ್ರದ ನಿದರ್ಶನದಿಂದ ತಿಳಿಸಬಹುದು. ಆ ಯಂತ್ರ ಕೆಟ್ಟರೆ ಊರಿನ ಮೆಕ್ಯಾನಿಕ್ಕನು ಬಿಚ್ಚುತ್ತಾನೆ, ಬೆಲ್ಟು ಬದಲಿಸುತ್ತಾನೆ, ತನ್ನೂರಿನ ಅಡಿಕೆಯ ಗಾತ್ರಕ್ಕೆ ತಕ್ಕಂತೆ ಬ್ಲೇಡಿನ ಅಂತರವನ್ನು ಸರಿಪಡಿಸುತ್ತಾನೆ. ಇದಕ್ಕೆ ತಯಾರಕನ ಅಪ್ಪಣೆ ಬೇಕಿಲ್ಲ. ಇಂದಿನ ಮೊಬೈಲ್ ಫೋನಿನಲ್ಲಿ ಬ್ಯಾಟರಿಯನ್ನು ತೆಗೆಯುವುದೂ ಪ್ರಯಾಸದ ಕೆಲಸ. ಒಳಗಿನ ತಂತ್ರಾಂಶಕ್ಕೆ ತಯಾರಕನು ಪರಿಷ್ಕರಣೆ ನಿಲ್ಲಿಸಿದ ದಿನ, ಗಟ್ಟಿಮುಟ್ಟಾದ ಯಂತ್ರವೇ ಕಸದ ಹಾದಿ ಹಿಡಿಯುತ್ತದೆ. ಮೊದಲನೆಯದಕ್ಕೆ ಕೊಂಡವನು ಒಡೆಯ. ಎರಡನೆಯದಕ್ಕೆ ಅವನು ಹಣ ತೆತ್ತ ಗೇಣಿದಾರ. ಗೇಣಿಯ ಕಷ್ಟಸುಖವನ್ನು ಕಾಗೋಡಿನ ಸೀಮೆಯವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ.

ಕನ್ನಡದ ಚರಿತ್ರೆಯಲ್ಲಿಯೂ ಈ ಭೇದ ಸ್ಪಷ್ಟವಾಗಿದೆ. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಲೋಕಕ್ಕೆ ಬಿಟ್ಟುಕೊಟ್ಟರು. ಸರ್ಕಾರವೇ ಅದನ್ನು ಸ್ವೀಕರಿಸಿತು. ಇಂದು ಅಸಂಖ್ಯ ಬೆರಳುಗಳು ಅದರ ಮೇಲೆ ಓಡುತ್ತಿವೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಸರ್ಕಾರದ ಆಶ್ರಯದಲ್ಲಿ ಬಂತು. ಬೆಲೆಯಿಲ್ಲದೆ ದೊರೆತ ಇವೆರಡರಿಂದಲೂ ಕನ್ನಡಕ್ಕೆ ಆದ ಉಪಕಾರ ಅಳತೆಗೆ ಮೀರಿದ್ದು. ಆದರೆ ಜನರು ಅವನ್ನು ಪಡೆದುದು ಉಚಿತವಾಗಿ ಮಾತ್ರ. ಓದಿ ತಿದ್ದಿ ಹಂಚುವ ಅಧಿಕಾರ ಅವರಿಗೆ ಬಂದಿರಲಿಲ್ಲ. ‘ಬರಹ’ದ ಮುಂದಿನ ಆವೃತ್ತಿಗಳಿಗೆ ಬೆಲೆ ಬಂದಾಗ ಕೆಲವರು ಮುನಿದುಕೊಂಡರು. ಅದು ಅನ್ಯಾಯದ ಮುನಿಸು. ತನ್ನ ದುಡಿಮೆಗೆ ಬೆಲೆ ಕೇಳುವುದು ಕರ್ತೃವಿನ ಹಕ್ಕು. ಉಚಿತವನ್ನೇ ಮುಕ್ತವೆಂದು ತಿಳಿದಿದ್ದ ನಮ್ಮ ಭ್ರಮೆಯೇ ಅಲ್ಲಿ ಭಂಗವಾದುದು. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಅಷ್ಟು ತೀವ್ರವಾಗಿ ಹಚ್ಚಿಕೊಂಡುದು ಸಾಹಿತಿಯ ಹವ್ಯಾಸವೆಂದು ಹಲವರಿಗೆ ಅಂದು ತೋರಿತ್ತು. ಭಾಷೆ ಬಾಳುವ ಮನೆಯ ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಅದೆಂದು ಈಗ ಅರಿವಾಗುತ್ತದೆ. 2001ರಲ್ಲಿ ಬಂದ ‘ವಿಂಡೋಸ್ ಎಕ್ಸ್‌ಪಿ’ಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಕನ್ನಡದ ಅಕ್ಷರಶೈಲಿಯೊಂದನ್ನು ಕೊಟ್ಟು ಅದಕ್ಕೆ ‘ತುಂಗಾ’ ಎಂದು ಹೆಸರಿಟ್ಟಿತು. ತೀರ್ಥಹಳ್ಳಿಯ ತುಂಗೆಯಲ್ಲಿ ಯಾರು ಬೇಕಾದರೂ ಕೊಡ ತುಂಬಿಕೊಳ್ಳಬಹುದು. ಆ ತುಂಗೆಯನ್ನು ತಿದ್ದಿ ಮರಳಿ ಹಂಚುವುದು ಪರವಾನಗಿಗೆ ವಿರುದ್ಧ.

ಎರಡನೆಯ ಅಭಿಪ್ರಾಯ: “ಕಳ್ಳಪ್ರತಿಯನ್ನು ಹಾಕಿಕೊಂಡರೆ ತಪ್ಪೇನು? ಆ ಕಂಪನಿಗಳೇನು ಬಡವಾಗುತ್ತವೆಯೇ?” ಈ ಮಾತನ್ನು ನಮ್ಮ ಸಭೆಯಲ್ಲಿ ಆಡಿದವರು ಅಂಗಡಿಯ ತಕ್ಕಡಿಯಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಮಾಡದ ಸಜ್ಜನರು. ಅದರಿಂದಲೇ ಇದು ವಿಚಾರಾರ್ಹ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ಕದಿಯುವವನನ್ನು ಪ್ರೇರೇಪಿಸುವುದನ್ನೂ ಕದ್ದು ತಂದುದನ್ನು ಪರಿಗ್ರಹಿಸುವುದನ್ನೂ ಎಣಿಸಿದ್ದಾರೆ. ವಸ್ತುವಿನ ಒಡೆಯನು ಶ್ರೀಮಂತನಾದರೆ ವ್ರತ ಸಡಿಲವಾಗುತ್ತದೆಂಬ ವಿನಾಯಿತಿಯನ್ನು ಕೊಟ್ಟಿಲ್ಲ. ಅದೇ ಪಟ್ಟಿಯಲ್ಲಿ ಅಳತೆ ತೂಕಗಳ ಮೋಸವೂ ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದೂ ಸೇರಿವೆ ಎಂಬುದನ್ನು ಕಂಪನಿಗಳ ಪಕ್ಷದವರು ಗಮನಿಸಬೇಕು. ಹತ್ತಾರು ಪುಟಗಳ ಷರತ್ತುಗಳನ್ನು ಅರಿಯದ ಭಾಷೆಯಲ್ಲಿ ಮುಂದಿಟ್ಟು, ಕೆಳಗೆ ‘ಒಪ್ಪಿದ್ದೇನೆ’ ಎಂಬ ಒಂದೇ ಗುಂಡಿಯನ್ನಿಟ್ಟು, ಅದನ್ನು ಒತ್ತಿದವನ ಸಮ್ಮತಿ ದೊರೆಯಿತೆಂದು ಲೆಕ್ಕ ಬರೆಯುವುದು ಸಹ ತೂಕದ ಮೋಸವೇ.

ಕಳ್ಳಪ್ರತಿಯಿಂದ ವ್ರತಭಂಗದ ಜೊತೆಗೆ ಲೌಕಿಕ ಹಾನಿಯೂ ಇದೆ. ಕದ್ದಾದರೂ ಆ ತಂತ್ರಾಂಶವನ್ನೇ ಕಲಿತ ಹುಡುಗನು ನಾಳೆ ಕಚೇರಿಗೆ ಹೋಗಿ ಅದನ್ನೇ ಕೊಳ್ಳುವಂತೆ ಕೇಳುತ್ತಾನೆ. ಕಂಪನಿಗೆ ಗಿರಾಕಿಯೊಬ್ಬನು ಖರ್ಚಿಲ್ಲದೆ ತಯಾರಾಗುತ್ತಾನೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳನ್ನು ನೋಡಿ ಬಂದವರು ಬೇರೊಂದು ದಾರಿಯನ್ನು ಕಂಡಿರುತ್ತಾರೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು ತಮ್ಮ ಪಠ್ಯಕ್ಕೆ ಹೊಂದಿಸಿಕೊಂಡು, ಗಣಕ ಶಿಕ್ಷಣದ ಪುಸ್ತಕಗಳನ್ನು ಕನ್ನಡದಲ್ಲಿಯೂ ಕೊಟ್ಟರು. ಆ ಮಕ್ಕಳು ಶಾಲೆಯ ತಂತ್ರಾಂಶವನ್ನು ಮನೆಗೆ ಒಯ್ದು ಹಾಕಿಕೊಂಡರೆ ಅದು ಕಳವಾಗುವುದಿಲ್ಲ. ಗುರುವು ಶಿಷ್ಯನಿಗೆ ಅಪಹರಣವನ್ನು ಕಲಿಸದೆ ಗಣಕವನ್ನು ಕಲಿಸಬಹುದಾದ ಏರ್ಪಾಡು ನೆರೆಯ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಸಾಧ್ಯವಾಗಿದೆ.

ಮೂರನೆಯ ಅಭಿಪ್ರಾಯ: “ದೊಡ್ಡ ಕಂಪನಿಯದಾದರೆ ಭದ್ರ. ಅದೇನು ನಾಳೆ ಮುಳುಗುತ್ತದೆಯೇ?” ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಕನ್ನಡವು ಎಲ್ಲ ಫೋನುಗಳಲ್ಲಿಯೂ ತಡೆಯಿಲ್ಲದೆ ಕಾಣುವುದಕ್ಕೆ ದೊಡ್ಡ ಸಂಸ್ಥೆಗಳ ಪಾಲು ಸಾಕಷ್ಟಿದೆ. ಗೂಗಲ್ ಸಂಸ್ಥೆ ಹೊರತಂದ ‘ನೋಟೊ’ ಅಕ್ಷರಶೈಲಿಗಳು ಕನ್ನಡಕ್ಕೂ ಇದ್ದು, ಮುಕ್ತ ಪರವಾನಗಿಯಲ್ಲಿಯೇ ದೊರೆಯುತ್ತವೆ. ಆದರೆ ಭದ್ರತೆಯೆಂಬುದು ಯಾರಿಗೆ, ಎಷ್ಟು ಕಾಲ, ಯಾರ ಇಚ್ಛೆಯಂತೆ ಎಂಬ ಪ್ರಶ್ನೆಗಳು ಉಳಿಯುತ್ತವೆ. 2025ರ ಜುಲೈಯಲ್ಲಿ ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣಾಗಾರವುಳ್ಳ ನಯಾರಾ ಎನರ್ಜಿ ಸಂಸ್ಥೆಗೆ ತನ್ನದೇ ಮಿಂಚಂಚೆಯು ಹಠಾತ್ತಾಗಿ ದೊರೆಯದಾಯಿತು. ರಷ್ಯಾದ ಬಂಡವಾಳವುಳ್ಳ ಅದರ ಮೇಲೆ ಐರೋಪ್ಯ ಒಕ್ಕೂಟವು ನಿರ್ಬಂಧ ವಿಧಿಸಿದ ಬೆನ್ನಲ್ಲೇ ಮೈಕ್ರೋಸಾಫ್ಟ್ ಸೇವೆಯನ್ನು ತಡೆಹಿಡಿದಿತ್ತು. ಭಾರತದ ಯಾವ ನ್ಯಾಯಾಲಯವೂ ಅಂಥ ಆದೇಶ ಕೊಟ್ಟಿರಲಿಲ್ಲ. ನಯಾರಾ ದೆಹಲಿಯ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಗಿರಾಕಿಯ ಗತಿ ಇದಾದರೆ ಸಾಗರದ ಒಂದು ಸಹಕಾರ ಸಂಘವು ಯಾವ ಬಾಗಿಲು ತಟ್ಟೀತು?

ಇನ್ನೊಂದು ಸೂಕ್ಷ್ಮವಿದೆ. ಮುಕ್ತವಾದುದನ್ನು ಬಳಸಿದ ಮಾತ್ರಕ್ಕೆ ಕಂಪನಿಯ ಹಿಡಿತ ತಪ್ಪುವುದಿಲ್ಲ. ಲೈನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳಿನ ಮೇಲೆಯೇ ಆಂಡ್ರಾಯ್ಡ್ ನಿಂತಿದೆ; ನಮ್ಮ ತೋಟದ ಕೆಲಸದವರ ಜೇಬಿನಲ್ಲಿಯೂ ಲಿನಕ್ಸ್ ಇದೆ. ಆದರೂ ಫೋನ್ ತಯಾರಕರು ಗೂಗಲಿನ ಆ್ಯಪ್‌ಗಳನ್ನು ಕಟ್ಟಾಗಿ ಹಾಕಿಯೇ ಮಾರಬೇಕೆಂಬಂತಹ ಷರತ್ತುಗಳಿಗಾಗಿ ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಆ ಸಂಸ್ಥೆಗೆ 1337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಆ ದಂಡವನ್ನು ಎತ್ತಿಹಿಡಿಯಿತು. ತಳಪಾಯ ಮುಕ್ತ, ಮಹಡಿ ಬದ್ಧ. ಹಾಗೆಯೇ ಕಂಪನಿಯ ಬಲವೆಂದರೆ ಅದು ಮಾಡುವುದರಲ್ಲಿ ಮಾತ್ರವಲ್ಲದೆ ಮಾಡದಿರುವುದರಲ್ಲಿಯೂ ಇದೆ. ಕೋವಿಡ್ ಕಾಲದಲ್ಲಿ ಪಾಠಗಳು ಫೋನಿಗೆ ಬಂದಾಗ ನಮ್ಮ ಮಕ್ಕಳು ಸಂಕೇತವನ್ನು ಹುಡುಕುತ್ತ ಗುಡ್ಡ ಹತ್ತಿ ಕುಳಿತುದನ್ನು ಕಂಡಿದ್ದೇವೆ. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಕೂಗು ಈ ಸೀಮೆಯ ಹಳ್ಳಿಗಳಿಂದ ಎದ್ದಿತು. ನಾಡಿಗೆ ಬೆಳಕು ಕೊಡಲೆಂದು 1964ರ ಲಿಂಗನಮಕ್ಕಿಯ ನೀರಿಗೆ ಊರುಗಳನ್ನು ಬಿಟ್ಟುಕೊಟ್ಟ ಶರಾವತಿಯ ಕಣಿವೆಯಲ್ಲಿ, ಲಾಭವಿಲ್ಲವೆಂಬ ಕಾರಣಕ್ಕೆ ಗೋಪುರ ಏಳದಿದ್ದರೆ ಅದನ್ನು ಕೇವಲ ವ್ಯಾಪಾರದ ಲೆಕ್ಕವೆಂದು ಒಪ್ಪಿಕೊಳ್ಳುವುದು ಕಷ್ಟ.

ನಾಲ್ಕನೆಯ ಅಭಿಪ್ರಾಯವೇ ಎಲ್ಲಕ್ಕಿಂತ ಗಟ್ಟಿಯಾದುದು: “ಮೂಲವನ್ನು ತೆರೆದಿಟ್ಟರೂ ಓದಲು ನಮಗೆ ಬರುವುದಿಲ್ಲ. ಮುಕ್ತವಾದರೇನು, ಮುಚ್ಚಿದರೇನು?” ಇದಕ್ಕೆ ಉತ್ತರ ನಮ್ಮ ಪರಂಪರೆಯಲ್ಲಿಯೇ ಇದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ದಾನ ನಾಲ್ಕು ಬಗೆ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಪಡೆದವರೆಲ್ಲರೂ ಪಂಡಿತರಾಗಿದ್ದರೆಂದು ಭಾವಿಸಬೇಕಾಗಿಲ್ಲ. ಪ್ರತಿಯೊಂದು ಊರಿನಲ್ಲಿದ್ದರೆ ಓದಬಲ್ಲವನೊಬ್ಬನು ಓದಿಯಾನು, ಮತ್ತೊಬ್ಬನು ಪ್ರತಿಮಾಡಿಯಾನು, ಒಂದು ಕಡೆ ಗೆದ್ದಲು ತಿಂದರೆ ಮತ್ತೊಂದು ಕಡೆ ಉಳಿದೀತು. ಅಲ್ಲಿ ದಾನವಾದುದು ಪ್ರತಿಮಾಡುವ ಅಧಿಕಾರವೂ ಹೌದು.

ಆದರೆ ಆತ್ಮಪ್ರಶಂಸೆಗೆ ಮೊದಲು ಆತ್ಮಪರೀಕ್ಷೆ ಆಗಬೇಕು. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಯ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನದ ವಸ್ತುವಾಗಿದ್ದವೇ ಹೊರತು ಅಧ್ಯಯನದ ವಸ್ತುವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಆರಂಭವಾದರೂ ಆ ಪ್ರತಿಗಳು ಹೊರಗಿನ ವಿದ್ವಾಂಸರನ್ನು ತಲುಪುವುದು ಸುಲಭವಾಗಲಿಲ್ಲ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಕಾಪಾಡಿದವರಿಗೆ ನಾವು ಋಣಿಗಳು. ಅವರ ನಿಷ್ಠೆಯಿಲ್ಲದಿದ್ದರೆ ಅಚ್ಚುಮಾಡಲು ಏನೂ ಉಳಿಯುತ್ತಿರಲಿಲ್ಲ. ಆದರೂ ಒಂದೇ ಕಡೆ ಉಳಿದ ಪ್ರತಿಯು ಒಂದು ಬೆಂಕಿಯಷ್ಟೇ ದೂರದಲ್ಲಿ ನಾಶವನ್ನು ಇಟ್ಟುಕೊಂಡಿರುತ್ತದೆ. ಪ್ರಾಕೃತವನ್ನರಿಯದ ನನ್ನಂಥವನಿಗೆ ಧವಲಾ ಅಚ್ಚಾದುದರಿಂದ ಏನು ಲಾಭವೆಂದರೆ, ತಿಳಿದವರು ಓದಿ ತಪ್ಪನ್ನು ತಪ್ಪೆಂದೂ ಸರಿಯನ್ನು ಸರಿಯೆಂದೂ ಹೇಳುತ್ತಾರೆಂಬ ಭರವಸೆ. ತಂತ್ರಾಂಶದ ಮೂಲ ತೆರೆದಿರುವುದರ ಲಾಭವೂ ಅದೇ.

ಮುಕ್ತ ತಂತ್ರಾಂಶದ ಭಕ್ತರಿಗೂ ಒಂದು ಮಾತು ಹೇಳಬೇಕಾಗಿದೆ. ಸಾವಿರ ಪ್ರತಿಗಳ ಲಿಪಿಕಾರರಿಗೆ ಅತ್ತಿಮಬ್ಬೆಯ ಸಂಪತ್ತಿನಿಂದ ಅನ್ನ ಸಂದಿತು. ಇಂದಿನ ಲಿಪಿಕಾರರಲ್ಲಿ ಅನೇಕರಿಗೆ ಯಾರೂ ಅನ್ನ ಕೊಡುತ್ತಿಲ್ಲ. ‘ಎಕ್ಸ್‌ಝಡ್’ ಎಂಬ ಪುಟ್ಟ ಮುಕ್ತ ತಂತ್ರಾಂಶವು ಜಗತ್ತಿನ ಅಸಂಖ್ಯ ಗಣಕಗಳಲ್ಲಿದ್ದರೂ ಅದನ್ನು ವರ್ಷಾನುಗಟ್ಟಲೆ ನೋಡಿಕೊಂಡವರು ಬಳಲಿದ್ದ ಒಬ್ಬರೇ ವ್ಯಕ್ತಿ. ನೆರವಿನ ಸೋಗಿನಲ್ಲಿ ಅವರ ವಿಶ್ವಾಸ ಗಳಿಸಿದ ಇನ್ನೊಬ್ಬನು ಅದರೊಳಗೆ ಹಿಂಬಾಗಿಲೊಂದನ್ನು ಕೊರೆದನು. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರರು, ಯಂತ್ರದೊಳಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿರುವುದನ್ನು ಶಂಕಿಸಿ, ಬೆನ್ನುಹತ್ತಿ ಅದನ್ನು ಕಂಡುಹಿಡಿದರು. ಮೂಲ ತೆರೆದಿದ್ದುದರಿಂದ ಹೊರಗಿನವರೊಬ್ಬರು ಹುಡುಕುವುದು ಸಾಧ್ಯವಾಯಿತು ಎಂಬುದು ಸಮಾಧಾನ. ತೆರೆದ ಬಾಗಿಲನ್ನು ಕಾಯಲು ಒಬ್ಬರನ್ನೇ ಬಿಟ್ಟಿದ್ದೆವು ಎಂಬುದು ಲಜ್ಜೆ. ಕಂಡುಹಿಡಿದವರು ಮೈಕ್ರೋಸಾಫ್ಟಿನ ಉದ್ಯೋಗಿಯೆಂಬುದನ್ನೂ ಅನೇಕಾಂತದ ಓದುಗರು ಮರೆಯಬಾರದು. ಒಳಿತೆಲ್ಲ ಒಂದು ಪಕ್ಷದಲ್ಲಿಯೂ ಕೆಡುಕೆಲ್ಲ ಇನ್ನೊಂದರಲ್ಲಿಯೂ ನೆಲೆಸಿಲ್ಲ.

ನಮ್ಮ ಸಿ.ಡಿ.ಯ ಕಥೆ ಹೀಗೆ ಮುಗಿಯಿತು. ಹಳೆಯ ಕನ್ನಡ ಅಕ್ಷರಶೈಲಿಗಳ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶಗಳನ್ನು ಕನ್ನಡದ ತರುಣರು ಮುಕ್ತ ಪರವಾನಗಿಯಲ್ಲಿ ಬರೆದು ಹಂಚಿದ್ದಾರೆ. ನಮ್ಮ ಅಕ್ಷರಶೈಲಿಯನ್ನು ಅಂಥದೊಂದು ಪರಿವರ್ತಕ ಅರಿಯುತ್ತಿರಲಿಲ್ಲ. ಆದರೆ ಅದರ ಮೂಲ ತೆರೆದಿತ್ತು. ಹೊಸನಗರದ ಕಡೆಯ ಒಬ್ಬ ವಿದ್ಯಾರ್ಥಿ ಅದನ್ನು ಓದಿ, ಆ ಮುದ್ರಣಾಲಯವು ಹಿಂದೆ ಅಚ್ಚುಮಾಡಿದ್ದ ಒಂದು ಲಗ್ನಪತ್ರಿಕೆಯನ್ನೂ ಅದರ ಕಡತವನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ, ಯಾವ ಚಿಹ್ನೆಗೆ ಯಾವ ಅಕ್ಷರವೆಂಬ ಪಟ್ಟಿಯನ್ನು ಕಟ್ಟಿದನು. ಇದಕ್ಕೆ ಮೂರು ವಾರ ಹಿಡಿಯಿತು. ತಿದ್ದಿದ ಪರಿವರ್ತಕವನ್ನು ಅವನು ಮರಳಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾನೆ. ಅದೇ ಮುದ್ರಣಾಲಯದ ತಂತ್ರಾಂಶದಲ್ಲಿ ಬರೆಸಿದ ಬೇರೆ ಯಾರದಾದರೂ ಅಜ್ಜಿಯ ಹಾಡು ಇನ್ನೆಲ್ಲಿಯೋ ಉಳಿದಿದ್ದರೆ ಅದಕ್ಕೂ ಬಾಯಿ ಬಂದೀತು.

ಹಾಡುಗಳಲ್ಲಿ ಹೆಚ್ಚಿನವು ದೊರೆತವು. ಒತ್ತಕ್ಷರಗಳು ಬೆರೆತುಹೋಗಿದ್ದ ಕೆಲವು ಕಡೆ ಮಾತು ಇದೋ ಅದೋ ಎಂದು ನಿಶ್ಚಯಿಸಲಾಗಲಿಲ್ಲ. ಕೇಳೋಣವೆಂದರೆ ಹಾಡಿದವರಿಲ್ಲ. ಅಂಥಲ್ಲಿ ಊಹೆಯಿಂದ ತುಂಬದೆ ಚುಕ್ಕಿಗಳನ್ನು ಇಟ್ಟಿದ್ದೇವೆ. ಹೊಸ ಪುಸ್ತಕವನ್ನು ಯೂನಿಕೋಡಿನಲ್ಲಿ, ಮುಕ್ತವಾದ ಅಕ್ಷರಶೈಲಿಯಲ್ಲಿ ಜೋಡಿಸಿ, ಸರಳ ಪಠ್ಯದ ಪ್ರತಿಗಳನ್ನು ಮೂರು ತಾಲ್ಲೂಕುಗಳ ಮೂರು ಮನೆಗಳಲ್ಲಿ ಇರಿಸುವುದೆಂದು ಸಭೆ ತೀರ್ಮಾನಿಸಿತು. ಪ್ರತಿಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲವೆಂದು ಮೊದಲ ಪುಟದಲ್ಲಿಯೇ ಅಚ್ಚುಮಾಡಿಸಲಾಗುವುದು. ವಿದ್ಯಾರ್ಥಿಗೆ ಮೂರು ವಾರಗಳ ದುಡಿಮೆಯ ಸಂಭಾವನೆ ಕೊಡಬೇಕೋ ಬೇಡವೋ ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಯಿತು. “ಮುಕ್ತ ಎಂದಮೇಲೆ ಹಣವೇಕೆ?” ಎಂದು ಒಬ್ಬರು ಕೇಳಿದರು. ಮೇಲೆ ಬರೆದ ಮಾತುಗಳನ್ನು ಹೇಳಿದ ಮೇಲೆ, ಕೇಳಿದವರೇ ಮೊದಲು ಕೊಟ್ಟರು.